ಕಾರಿನೊಳಗೆ ಇಳಿದು ಕಾರಿನಿಂದ ಹತ್ತುವವರ ಪರವಾಗಿ

ಗಜೇಂದ್ರಗಡದ ರೋಣ ರಸ್ತೆಯಲ್ಲಿ, ಆಫ್ತಾಬರ ಟಾಯರ್ ಅಂಗಡಿಯೊಳಗೆ, ಕೆಲಸಗಾರರೆಲ್ಲ ಬೆವರುತ್ತಿರುವಾಗಲೂ ಇರುವ ಒಂದೇ ಫ್ಯಾನಿನ ಗಾಳಿಯನ್ನು ಒಬ್ಬರೇ ಸೇವಿಸುತ್ತ ವಿರಾಜಮಾನರಾಗಿರುವ ಗಣಕೀಕೃತ ಗಾಲಿ ನೇರಜೋಡಣಾ ಯಂತ್ರ ಮಹೋದಯರ ದಿವ್ಯ ಪರದೆಗೆ,

ರೋಣದ ನಿವೃತ್ತ ಕನ್ನಡ ಅಧ್ಯಾಪಕ ಮುಕುಂದ ಅನಂತರಾವ ನಾಡಿಗೇರ ಮಾಡುವ ಶಿರಸಾಷ್ಟಾಂಗ ವಿಜ್ಞಾಪನೆ.

ಮಾನ್ಯರೇ,

ತಾವು ಕುಶಲದಿಂದಿರುವಿರೆಂದೂ, ಗಜೇಂದ್ರಗಡದ ವಿದ್ಯುತ್ತು ತಮ್ಮ ದೇಹಪ್ರಕೃತಿಗೆ ಒಗ್ಗುವಂತೆಯೇ ಬಂದು ಹೋಗುತ್ತಿದೆಯೆಂದೂ ನಂಬಿ ಈ ಪತ್ರವನ್ನು ಆರಂಭಿಸುತ್ತೇನೆ. ದೊಡ್ಡವರಿಗೆ ಬರೆಯುವ ಪತ್ರವನ್ನು ಲಕೋಟೆಯಲ್ಲಿಟ್ಟು ಅಂಟು ಹಚ್ಚಿ ಕಳಿಸುವುದು ಮರ್ಯಾದೆಯೆಂಬುದನ್ನು ಬಲ್ಲೆ. ಆದರೆ ತಮಗೆ ನಾಲ್ಕು ಕೈಗಳಿದ್ದರೂ ಅವು ಸದಾ ಯಾರದೋ ಗಾಡಿಯ ನಾಲ್ಕು ಗಾಲಿಗಳನ್ನು ಹಿಡಿದುಕೊಂಡೇ ಇರುವುದರಿಂದ, ಲಕೋಟೆ ಒಡೆಯಲು ಒಂದು ಕೈಯೂ ಬಿಡುವಾಗಿರುವುದಿಲ್ಲ. ಹೀಗಾಗಿ ಇದನ್ನು ಬಹಿರಂಗವಾಗಿಯೇ ಬರೆದು, ತಮ್ಮ ಸೇವಕರಾದ ಆಫ್ತಾಬರ ಮೂಲಕ ತಮ್ಮೆದುರು ಓದಿಸುವ ವ್ಯವಸ್ಥೆ ಮಾಡಿದ್ದೇನೆ. ಅವರು ಓದುವಾಗ ಮಹಾಪ್ರಾಣಗಳನ್ನು ನುಂಗಿದರೆ ಅದು ನನ್ನ ಬರಹದ ದೋಷವೆಂದು ತಾವು ತಿಳಿಯಬಾರದು.

ಮೊದಲಿಗೆ ತಮ್ಮ ಗುಣಗಾನ. ನಾನು ವೃತ್ತಿಯುದ್ದಕ್ಕೂ ಉತ್ತರ ಪತ್ರಿಕೆಗಳ ಮೌಲ್ಯಮಾಪನ ಮಾಡಿದವನು, ಆದ್ದರಿಂದ ಇನ್ನೊಬ್ಬ ಪರೀಕ್ಷಕನ ಶ್ರೇಷ್ಠತೆ ನನಗೆ ಬೇಗ ಗೋಚರವಾಗುತ್ತದೆ. ಬಂದವನು ಹೊಲದೊಡೆಯನೋ ಸೀರೆ ವ್ಯಾಪಾರಿಯೋ ಎಂದು ನೋಡದೆ, ಚಹಾ ಕೇಳದೆ, ಪರಿಚಯ ವಿಚಾರಿಸದೆ, ತಪ್ಪಿದ್ದಲ್ಲಿ ಕೆಂಪು, ಸರಿಯಿದ್ದಲ್ಲಿ ಹಸಿರು ಎಂದು ತಾವು ಕೊಡುವ ತೀರ್ಪಿನಲ್ಲಿರುವ ನಿಷ್ಪಕ್ಷಪಾತ ನನ್ನ ಸಹೋದ್ಯೋಗಿಗಳಲ್ಲಿ ಬಹಳ ಮಂದಿಗೆ ಸಾಧ್ಯವಾಗಿರಲಿಲ್ಲ. ಅದಕ್ಕಿಂತಲೂ ದೊಡ್ಡದು ತಮ್ಮ ಸ್ಥಿತಪ್ರಜ್ಞತೆ. ಹಸಿರು ಕೊಟ್ಟ ಮೇಲೆ ಆ ಗಾಡಿಗೆ ಏನಾಯಿತು, ಅದರಲ್ಲಿ ಕುಳಿತವರಿಗೆ ಏನಾಯಿತು ಎಂಬ ಕ್ಷುದ್ರ ಕುತೂಹಲ ತಮಗಿಲ್ಲ. ನನಗೆ ದುರದೃಷ್ಟವಶಾತ್ ಅದು ಇದೆ, ಏಕೆಂದರೆ ಅದರಲ್ಲಿ ಕುಳಿತವರು ನನ್ನ ಧರ್ಮಪತ್ನಿ.

ಶಾರದಾಬಾಯಿಯವರ ಪರಿಚಯ ತಮಗಿಲ್ಲದಿರಬಹುದು, ತಮ್ಮ ಪರದೆ ಗಾಲಿಗಳ ಮಟ್ಟಕ್ಕಿಂತ ಮೇಲೆ ದೃಷ್ಟಿ ಹಾಯಿಸುವುದಿಲ್ಲ. ಅವರು ಪ್ರತಿ ಗುರುವಾರ ರೋಣದಿಂದ ತಾವಿರುವ ಗಜೇಂದ್ರಗಡಕ್ಕೆ ಬಂದು, ಮಹಿಳಾ ಮಂಡಳದವರು ಕೊಟ್ಟಿರುವ ಖೋಲಿಯಲ್ಲಿ ನೇಕಾರರ ಮನೆಯ ಹುಡುಗಿಯರಿಗೆ ಕಸೂತಿ ಕಲಿಸುತ್ತಾರೆ. ತಮ್ಮ ಊರಿನ ಪಟ್ಟೇದಂಚಿನ ಸೀರೆಯ ಮೇಲೆ ಗೋಪುರವೋ ತುಳಸೀಕಟ್ಟೆಯೋ ಎಳೆ ಎಣಿಸಿ ಮೂಡಿಸುವ ಈ ವಿದ್ಯೆಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ, ಬಟ್ಟೆಯ ಹಿಂಬದಿಯೂ ಮುಂಬದಿಯೂ ಒಂದೇ ತೆರನಾಗಿ ಕಾಣಬೇಕು. ಕಲಿಸುವವರು ಕಲಿಯುವವರ ಪಕ್ಕದಲ್ಲಿ, ಜಮಖಾನೆಯ ಮೇಲೆ, ಭುಜಕ್ಕೆ ಭುಜ ತಾಗಿಸಿ ಕುಳಿತು, ಸೂಜಿ ಯಾವ ಎಳೆಯ ಕೆಳಗೆ ಹೋಯಿತೆಂದು ನೋಡುತ್ತಿರಬೇಕು. ಶಾರದಾಬಾಯಿ ಹಾಗೆಯೇ ಕುಳಿತು ಕಲಿಸುತ್ತಿದ್ದರು. ಆಮೇಲೆ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು.

ಕಾಲು ಮಡಚಬಾರದು, ನೆಲದ ಮೇಲೆ ಕೂಡಬಾರದು ಎಂದು ವೈದ್ಯರು ಹೇಳಿದರು. ಮಂಡಳದವರು ಭಕ್ತಿಯಿಂದ ಒಂದು ಕುರ್ಚಿ ತಂದು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಮತ್ತೊಂದು ದಿಂಬು ಇಟ್ಟು, ಶಾರದಾಬಾಯಿಯವರನ್ನು ಅದರ ಮೇಲೆ ಪ್ರತಿಷ್ಠಾಪಿಸಿದರು. ಅಷ್ಟು ಎತ್ತರದಿಂದ ಅವರಿಗೆ ಹುಡುಗಿಯರ ಬೈತಲೆಗಳು ಕಂಡವೇ ಹೊರತು ಎಳೆಗಳು ಕಾಣಲಿಲ್ಲ. ಒಬ್ಬೊಬ್ಬಳೂ ಎದ್ದು, ಸಾಲಿನಲ್ಲಿ ನಿಂತು, ಬಟ್ಟೆಯನ್ನು ಮೇಲಕ್ಕೆ ಹಿಡಿದು ತೋರಿಸಿ, ತಪ್ಪು ಹೇಳಿಸಿಕೊಂಡು ಹಿಂದಿರುಗಬೇಕಾಯಿತು. ಕಸೂತಿಯ ಖೋಲಿ ಹೊಲದ ಪಹಣಿ ಉತಾರ ಕೊಡುವ ಕಚೇರಿಯಂತಾಯಿತು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಅತ್ತೆಯ ಊರಿನ ಕೆಲಸ, ಹೀಗೆ ಹುಡುಗಿಯರು ಕಡಿಮೆಯಾಗತೊಡಗಿದರು. ಒಂದು ಗುರುವಾರ ಮಂಡಳದ ಅಧ್ಯಕ್ಷೆ ಬಾಗಿಲಲ್ಲಿ ನಿಂತು ಬಹಳ ಸೌಜನ್ಯದಿಂದ, "ಬಾಯಾರ, ತಪ್ಪ ತಿಳೀಬ್ಯಾಡ್ರಿ, ಹುಡಿಗ್ಯಾರು ಹಿಂಗ ಬಿಡಕೋತ ಹ್ವಾದ್ರ ಈ ಖೋಲಿ ಪಾರ್ಲರ್ ಕಲಸೋರಿಗೆ ಕೊಡಬೇಕಾಗತೈತ್ರಿ" ಎಂದರು. ಆ ದಿನ ಮನೆಗೆ ಬಂದ ಶಾರದಾಬಾಯಿ ಸೂಜಿಗೆ ದಾರ ಪೋಣಿಸಲಿಲ್ಲ. ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚು ವಿಶೇಷಣಗಳನ್ನು ನಾನು ಬಳಸುವುದಿಲ್ಲ.

ಇದರ ಜೊತೆಗೆ ಪ್ರಯಾಣದ ಕಷ್ಟ. ಬಸ್ಸಿನ ಮೆಟ್ಟಿಲು ಅವರ ಹೊಸ ಮೊಣಕಾಲಿಗೆ ಎಟಕುತ್ತಿರಲಿಲ್ಲ, ಬಾಡಿಗೆಯ ಜೀಪಿನೊಳಗೆ ಅವರನ್ನು ಚೀಲದಂತೆ ಎತ್ತಿ ಇಡಬೇಕಾಗುತ್ತಿತ್ತು. ಆಗ ನನ್ನ ಹಳೆಯ ವಿದ್ಯಾರ್ಥಿ, ಈಗ ನರಗುಂದದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತೌಸೀಫ, ತನ್ನ ಕಾರನ್ನು ಮಾರಾಟಕ್ಕಿಟ್ಟಿರುವುದಾಗಿ ತಿಳಿಸಿದ. ಆ ಕಾರನ್ನು ತಾವು ಮರೆತಿರಲಾರಿರಿ. ಹುಟ್ಟಿದಾಗ ಅದು ಸಾಧಾರಣವಾದ ಸಣ್ಣ ಕಾರೇ ಆಗಿತ್ತು. ತೌಸೀಫ ಅದಕ್ಕೆ ಎತ್ತಿನ ಹೆಗಲಿನಷ್ಟು ದಪ್ಪನೆಯ ಟಾಯರುಗಳನ್ನೂ, ಬೆನ್ನಿಗೆ ಒಂದು ರೆಕ್ಕೆಯನ್ನೂ, ತನ್ನ ಹೆಸರಿನ ಅರ್ಥಕ್ಕೆ ತದ್ವಿರುದ್ಧವಾಗಿ ಅಬ್ಬರಿಸುವ ಸೈಲೆನ್ಸರನ್ನೂ ತೊಡಿಸಿದ್ದ. ಹಿಂಬದಿಯ ಗಾಜಿನ ಮೇಲೆ 'ಧೂರವಿರಿ' ಎಂದು ಅಂಟಿಸಿದ್ದ. ಕಾರು ನನ್ನದಾದ ದಿನವೇ ನಾನು ಸೈಲೆನ್ಸರನ್ನು ಬದಲಾಯಿಸಿದೆ, ಮಹಾಪ್ರಾಣದ ಗೀಟನ್ನು ಬ್ಲೇಡಿನಿಂದ ಕೆರೆದು ತೆಗೆದೆ. ರೆಕ್ಕೆಯನ್ನು ಮಾತ್ರ ಶಾರದಾಬಾಯಿ ಉಳಿಸಿಕೊಂಡರು, ಅದರ ಮೇಲೆ ಸಂಡಿಗೆಯ ತಟ್ಟೆ ಸರಿಯಾಗಿ ಕೂಡುತ್ತದೆ.

ಇಂಥ ಕಾರನ್ನು ನಿವೃತ್ತ ಅಧ್ಯಾಪಕನೊಬ್ಬ ಏಕೆ ಕೊಂಡನೆಂದು ರೋಣದ ಬಸ್ ನಿಲ್ದಾಣದಲ್ಲಿ ಈಗಲೂ ಚರ್ಚೆ ನಡೆದಿದೆಯಂತೆ. ಕಾರಣ ಸರಳ. ಅದರ ಸ್ಪ್ರಿಂಗುಗಳ ಬುಡದಲ್ಲಿ ತಿರುಪಿನ ಬಳೆಗಳಿವೆ. "ತಿರುವಿದ್ರ ಏರತೈತ್ರಿ ಸರ, ಉಲ್ಟಾ ತಿರುವಿದ್ರ ಇಳಿತೈತಿ. ಬಾಯಾರ ಮಣಕಾಲಿಗೆ ಎಷ್ಟ ಎತ್ತರ ಬೇಕೋ ಅಷ್ಟಕ್ಕ ಇಟ್ಟಬಿಡ್ರಿ" ಎಂದು ತೌಸೀಫ ಹೇಳಿದ. ಬಿಸಿರಕ್ತದವರು ರಸ್ತೆಗೆ ಅಂಟಿಕೊಂಡು ಓಡಾಡಲೆಂದು ನಿರ್ಮಿಸಿದ ಈ ಉಪಾಯ ಶಾರದಾಬಾಯಿಯವರ ಮೊಣಕಾಲಿಗಾಗಿಯೇ ಹುಟ್ಟಿದಂತಿತ್ತು. ಶಾಲೆಯಲ್ಲಿ ಒಂದು ಸಾಲನ್ನೂ ನೇರವಾಗಿ ಬರೆಯದ ಹುಡುಗ ಇಷ್ಟು ಸ್ಪಷ್ಟವಾಗಿ ಒಂದು ವಿಷಯವನ್ನು ವಿವರಿಸಿದ್ದನ್ನು ಕಂಡು ನನಗೆ ಸಂತೋಷವೂ ಆಯಿತು.

ಇಲ್ಲಿಂದ ಮಾನ್ಯರಾದ ತಮ್ಮ ಪ್ರವೇಶ.

ನಾವು ಮೊದಲ ಬಾರಿಗೆ ತಮ್ಮ ಸನ್ನಿಧಿಗೆ ಬಂದಾಗ ಆಫ್ತಾಬರು ಕಾರನ್ನು ರ‍್ಯಾಂಪಿನ ಮೇಲೆ ಹತ್ತಿಸಿ, ತಮ್ಮ ನಾಲ್ಕು ಕೈಗಳನ್ನು ನಾಲ್ಕು ಗಾಲಿಗಳಿಗೆ ತೊಡಿಸಿದರು. ತಾವು ಸ್ವಲ್ಪ ಹೊತ್ತು ಧ್ಯಾನಸ್ಥರಾಗಿದ್ದು, ಎಲ್ಲ ಅಂಕಣಗಳಲ್ಲಿಯೂ ಹಸಿರನ್ನು ಕರುಣಿಸಿದಿರಿ. ಗಾಲಿಗಳು ಪರಸ್ಪರ ನೆಟ್ಟಗಿವೆ, ಒಳಗಾಲು ಹೊರಗಾಲು ಹಾಕಿಲ್ಲ ಎಂದು ತಮ್ಮ ಅಭಿಪ್ರಾಯ. ಅನಂತರ ಆಫ್ತಾಬರು ಶಾರದಾಬಾಯಿಯವರನ್ನು ಕರೆದು, ಬಳೆಗಳನ್ನು ತಿರುವುತ್ತ, "ಈಗ ನೋಡ್ರಿ ಬಾಯಾರ, ಹ್ಯಾಂಗಾತು?" ಎಂದು ಕೇಳಿದರು. "ಇನ್ನೊಂದೀಟು ಏರಸಪಾ" ಎಂದು ಇವರು, ಮತ್ತಷ್ಟು ತಿರುವಿ ಅವರು. ಕೊನೆಗೆ ಹತ್ತಲು ಇಳಿಯಲು ಸರಾಗವಾದ ಒಂದು ಎತ್ತರ ಸಿಕ್ಕಿತು. ಎಲ್ಲರಿಗೂ ಸಮಾಧಾನವಾಯಿತು, ಕಾರಿಗೆ ಮಾತ್ರ ಆಗಲಿಲ್ಲ. ಊರು ದಾಟಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿದ ಕೂಡಲೇ ಅದು ಎಡಗಡೆಯ ಕಡಲೆ ಹೊಲಗಳ ಕಡೆಗೆ ಅಪಾರವಾದ ಒಲವನ್ನು ತೋರಿಸತೊಡಗಿತು. ರೋಣ ತಲುಪುವವರೆಗೆ ನಾನು ಅದರ ಕಿವಿ ಹಿಂಡಿ ಬಲಕ್ಕೆ ಎಳೆಯುತ್ತಲೇ ಇದ್ದೆ.

ಮರುದಿನವೇ ದೂರು ಕೊಟ್ಟಾಗ ಆಫ್ತಾಬರು ತಮ್ಮ ಪರದೆಯತ್ತ ಕೈ ತೋರಿಸಿ, "ಮಷೀನ್ ಓಕೆ ಅಂದೈತ್ರಿ ಸರ. ರೋಡ ಎಡಕ್ಕ ವಾಲೇತಿ" ಎಂದರು.

"ಬರೋ ಮುಂದನೂ ಎಡಕ್ಕ ಎಳೀತಿತ್ತಲ್ಲೋ ತಮ್ಮಾ. ರೋಡು ಹೋದ್ರೂ ಎಡ, ಬಂದ್ರೂ ಎಡ ಅದ ಏನು?" ಎಂದು ಶಾರದಾಬಾಯಿ ಕೇಳಿದರು.

"ನಡಬರಕ ಉಬ್ಬೇತ್ರಿ ಬಾಯಾರ. ಹೋದ್ರೂ ಎಡ, ಬಂದ್ರೂ ಎಡ."

"ಹಂಗಾದ್ರ ಉಳಿದವರ ಗಾಡಿ ನೆಟ್ಟಗ ಹ್ಯಾಂಗ ಹೋಗ್ತಾವ?"

ಆಫ್ತಾಬರು ತಮ್ಮ ಪರದೆಯನ್ನು ಒರೆಸಿದರು. ನಾನು ವಿಷಯವನ್ನು ವ್ಯಾಕರಣದ ಮೂಲಕ ವಿವರಿಸಿದೆ. ಪ್ರಕೃತಿ ಸಿದ್ಧವಾದ ಮೇಲೆ ಪ್ರತ್ಯಯ ಹತ್ತಬೇಕು, ಪ್ರತ್ಯಯ ಹಚ್ಚಿದ ಮೇಲೆ ಪ್ರಕೃತಿಯನ್ನು ಬದಲಾಯಿಸಿದರೆ ಶಬ್ದ ಕೆಡುತ್ತದೆ. ಹಾಗೆಯೇ ಮೊದಲು ಗಾಡಿಯ ಎತ್ತರವನ್ನು ನಿಶ್ಚಯಿಸಿ, ಆಮೇಲೆ ಗಾಲಿಯನ್ನು ನೆಟ್ಟಗೆ ಮಾಡಬೇಕು. ಮೊದಲು ಗಾಲಿ ನೆಟ್ಟಗೆ ಮಾಡಿ ಆಮೇಲೆ ಗಾಡಿಯನ್ನು ಏರಿಸಿದರೆ ಒಳಗಿನ ಸರಳುಗಳ ಕೋನವೆಲ್ಲ ಬದಲಾಗಿ ಗಾಲಿ ಮತ್ತೆ ಸೊಟ್ಟಗಾಗುತ್ತದೆ. ಆಫ್ತಾಬರು ಗಮನವಿಟ್ಟು ಕೇಳಿ, "ಅದ ಖರೇರಿ ಸರ. ಗದ್ದಲದಾಗ ಹಿಂದ ಮುಂದ ಆತು. ಗುರುವಾರ ತರ್ರಿ, ಇನ್ನೊಮ್ಮೆ ಮಾಡೂಣು" ಎಂದರು. ಒಬ್ಬರು ತಪ್ಪನ್ನು ಇಷ್ಟು ಬೇಗ ಒಪ್ಪಿಕೊಂಡಾಗ ಮುಂದೆ ಎಚ್ಚರದಿಂದಿರಬೇಕೆಂಬುದನ್ನು ನಾನು ಮರೆತೆ.

ಗುರುವಾರದ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ನಿವೇದಿಸಬೇಕಾಗಿದೆ. ತರಗತಿಗೆ ಮುಂಚೆ ನಾವು ತಮ್ಮಲ್ಲಿಗೆ ಬಂದೆವು. ಶಾರದಾಬಾಯಿ ಆಫ್ತಾಬರ ಕುರ್ಚಿಯಲ್ಲಿ ಕುಳಿತರು, ಕಾರು ರ‍್ಯಾಂಪಿನ ಮೇಲೆ ಹೋಯಿತು, ಆಫ್ತಾಬರು ಅದರ ಕೆಳಗೆ ಸೇರಿದರು. ಅಂಗಡಿಯ ಹೊರಗೆ ಬೋರ್ಡು ಬರೆಯುವ ಹೂವಪ್ಪ ಏಣಿಯ ಮೇಲೆ ನಿಂತು, ಸದ್ಯಕ್ಕೆ ಹಗ್ಗದಿಂದ ತೂಗುಬಿಟ್ಟಿದ್ದ ಹೊಸ ನಾಮಫಲಕಕ್ಕೆ ಬಣ್ಣ ಹಚ್ಚುತ್ತಿದ್ದ. ಅದರಲ್ಲಿ 'ವಿಲ್ ಅಲಾಯಿಮೆಂಟ' ಎಂದಿತ್ತು. ಹಾದುಹೋಗುವವರು ನೋಡಲಿ ಬಿಡಲಿ, ಅದನ್ನು ನೋಡಿದ ಮೇಲೆ ಸುಮ್ಮನೆ ನಿಲ್ಲುವುದು ನನ್ನಿಂದಾಗಲಿಲ್ಲ. ಹೊರಗೆ ಹೋಗುವ ಮುನ್ನ ಕಾರಿನ ಕೆಳಗೆ ಬಗ್ಗಿ, ಸ್ಪಷ್ಟವಾದ ಕನ್ನಡದಲ್ಲಿ, "ಗಾಡಿಯನ್ನು ಬೇಗ ಇಳಿಸಿರಿ, ಶಾರದಾಬಾಯಿಯವರಿಗೆ ಹೊತ್ತಾಗುತ್ತದೆ" ಎಂದು ಹೇಳಿದೆ. ಈ ವಾಕ್ಯದಲ್ಲಿ ಕರ್ಮಪದವಿದೆ, ಕ್ರಿಯಾಪದವಿದೆ, ಗೌರವಾರ್ಥವಿದೆ, ಕಾರಣವನ್ನು ಹೇಳುವ ಎರಡನೆಯ ವಾಕ್ಯವೂ ಇದೆ. ಯಾವ ಪರೀಕ್ಷಕನೂ ಇದರಲ್ಲಿ ಅಂಕ ಕಳೆಯಲಾರ.

ನಾನು ಹೂವಪ್ಪನಿಗೆ 'ವೀಲ್' ಎಂಬಲ್ಲಿ ದೀರ್ಘದ ಅಗತ್ಯವನ್ನು ತಿಳಿಸಿದೆ. "ಜಾಗಾ ಇಲ್ರಿ ಸರ. ದೀರ್ಘ ಕೊಟ್ರ ಫೋನ್ ನಂಬರ ಹೊರಗ ಬೀಳತೈತಿ" ಎಂದ. ಹಾಗಾದರೆ 'ಇಲ್ಲಿ ಗಾಲಿ ನೆಟ್ಟಗೆ ಮಾಡಲಾಗುವುದು' ಎಂದು ಬರೆ ಎಂದೆ. "ಅಷ್ಟ ಬರದ್ರ ಅಂಗಡಿನ ಹೊರಗ ಬೀಳತೈತ್ರಿ" ಎಂದ. ಈ ಚರ್ಚೆ ಒಂದು ನಿಲುಗಡೆಗೆ ಬಂದು ನಾನು ಒಳಗೆ ಹೋದಾಗ ಕಾರು ರ‍್ಯಾಂಪಿನಿಂದ ಕೆಳಗೆ ಬಂದು ನಿಂತಿತ್ತು. ಅಷ್ಟೇ ಅಲ್ಲ, ಇನ್ನೂ ಕೆಳಗೆ ಬಂದಿತ್ತು. ಅದರ ಹೊಟ್ಟೆಯ ಕೆಳಗೆ ಒಂದು ಬೆಕ್ಕು ನುಸುಳಬೇಕಾಗಿದ್ದರೂ ಎರಡು ಸಲ ಯೋಚಿಸುತ್ತಿತ್ತು. ಆಫ್ತಾಬರು ಕೈ ಒರೆಸಿಕೊಳ್ಳುತ್ತ, "ಪೂರಾ ಇಳಿಸೇನ್ರಿ ಸರ. ಬಾಯಾರಿಗೆ ಆರಾಮ ಆಕ್ಕತಿ" ಎಂದರು. ನಾನು 'ರ‍್ಯಾಂಪಿನಿಂದ ಇಳಿಸಿರಿ' ಎಂದದ್ದನ್ನು ಅವರು 'ಬಳೆ ತಿರುವಿ ಇಳಿಸಿರಿ' ಎಂದು ತಿಳಿದಿದ್ದರು. 'ರ‍್ಯಾಂಪಿನಿಂದ' ಎಂಬ ಪದವನ್ನು ನಾನು ನುಡಿದಿರಲಿಲ್ಲವೆಂದು ಅವರ ವಾದ. ಗಾಡಿ ರ‍್ಯಾಂಪಿನ ಮೇಲಿದ್ದಾಗ ಪಂಚಮೀ ವಿಭಕ್ತಿ ಅಧ್ಯಾಹಾರವಾಗುತ್ತದೆಂಬುದು ನನ್ನ ವಾದ. ತಾವು ಎರಡನ್ನೂ ಕೇಳಿಸಿಕೊಂಡು, ಇಳಿಸುವುದಕ್ಕೆ ಮೊದಲೇ ಬೆಳಗಿಸಿದ್ದ ಹಸಿರನ್ನು ಹಾಗೆಯೇ ಬೆಳಗುತ್ತ ನಿಂತಿದ್ದಿರಿ.

ಮತ್ತೆ ತಿರುವಲು ಹೊತ್ತಿರಲಿಲ್ಲ, ತರಗತಿಯ ವೇಳೆಯಾಗಿತ್ತು. ಶಾರದಾಬಾಯಿ ಬಾಗಿಲು ಹಿಡಿದು ಬೆನ್ನು ತಿರುಗಿಸಿ ಕೈಬಿಟ್ಟರು, ಬಾವಿಗೆ ಬಿಟ್ಟ ಕೊಡದಂತೆ ಸೀಟಿನಲ್ಲಿ ಸೇರಿದರು. ದಾರಿಯ ಉಬ್ಬೊಂದನ್ನು ದಾಟುವಾಗ ಕಾರಿನ ಹೊಟ್ಟೆ ಮಾಡಿದ ಸದ್ದನ್ನು ಕೇಳಿ ಹಣ್ಣಿನ ಗಾಡಿಯವರು ಎದ್ದು ನಿಂತರು. ಮಂಡಳದ ಅಂಗಳದಲ್ಲಿ, ಬೇವಿನ ಮರದ ಕೆಳಗೆ ನಿಲ್ಲಿಸಿ, ನಾನು ಬಾಗಿಲು ತೆರೆದು, "ಇಳಿಯಿರಿ" ಎಂದೆ.

"ಎಲ್ಲಿ ಇಳೀಲಿ? ಇದಕ್ಕಿಂತ ಕೆಳಗ ಇನ್ನೇನದ?" ಎಂದು ಅವರು ಕೇಳಿದರು.

ಮಾನ್ಯರೇ, ಭಾಷೆಯ ಮೇಲೆ ತಮ್ಮ ಕಾರ್ಯಾಲಯ ಎಸಗಿದ ಅಪಚಾರ ಎಷ್ಟು ದೊಡ್ಡದೆಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ಕಾರನ್ನು ಹತ್ತುವುದು, ಕಾರಿನಿಂದ ಇಳಿಯುವುದು ಎಂಬುದು ಕನ್ನಡದ ಸಾಧು ಪ್ರಯೋಗ. ತಾವು ಹಸಿರು ಮುದ್ರೆ ಹಾಕಿ ಕಳಿಸಿದ ಈ ಕಾರಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಮನೆಯವರು ಕಾರಿನೊಳಗೆ ಇಳಿಯುತ್ತಾರೆ, ಕಾರಿನಿಂದ ಹತ್ತುತ್ತಾರೆ. ಇಳಿಯುವುದಂತೂ ಆಯಿತು, ಹತ್ತುವುದು ಅವರಿಂದ ಆಗಲಿಲ್ಲ. ನಾನು ಒಂದು ಕೈ ಹಿಡಿದು ಎಳೆದೆ. "ಭುಜಾನೂ ಆಪರೇಶನ್ ಮಾಡಸೋ ವಿಚಾರ ಅದ ಏನು ನಿಮ್ಮದು?" ಎಂದು ಕೇಳಿದರು. ಬಿಟ್ಟೆ.

ಆ ಹೊತ್ತಿಗೆ ಪೂಜಾ ಎಂಬ ಹುಡುಗಿ, ಉಳಿದವರಲ್ಲಿ ಸ್ವಲ್ಪ ಚುರುಕಾದವಳು, ಖೋಲಿಯಿಂದ ಹೊರಗೆ ಬಂದು ಈ ದೃಶ್ಯವನ್ನು ನೋಡಿ, "ಬಾಯಾರ, ನೀವು ಅಲ್ಲೇ ಕುಂಡರ್ರಿ. ನಾವ ಬರ್ತೀವಿ" ಎಂದಳು. ಜಮಖಾನೆ ಅಂಗಳಕ್ಕೆ ಬಂತು. ಹುಡುಗಿಯರು ಮಣೆಗಳನ್ನು ತಂದು ತೆರೆದ ಬಾಗಿಲ ಸುತ್ತ ಕುಳಿತರು. ಶಾರದಾಬಾಯಿ ಸೀಟಿನಲ್ಲಿ ಪಕ್ಕಕ್ಕೆ ತಿರುಗಿ, ಮಡಚಬಾರದ ಕಾಲನ್ನು ನೆಟ್ಟಗೆ ಜಮಖಾನೆಯ ಮೇಲೆ ಚಾಚಿದರು. ಅಧ್ಯಾಪಕನಾದ ನಾನು ದೂರದ ಕಟ್ಟೆಯ ಮೇಲಿಂದ ನೋಡುತ್ತಿದ್ದೆ. ಶಸ್ತ್ರಚಿಕಿತ್ಸೆಯಾದಂದಿನಿಂದ ಅವರ ಕಣ್ಣೂ ಹುಡುಗಿಯರ ಕೈಯೂ ಒಂದೇ ಮಟ್ಟದಲ್ಲಿ ಇದ್ದದ್ದು ಅದೇ ಮೊದಲು. ಪೂಜಾಳ ಬಟ್ಟೆಯನ್ನು ಅವರು ಕೇಳಿ ಪಡೆಯಲಿಲ್ಲ, ಸುಮ್ಮನೆ ಬಗ್ಗಿ ನೋಡಿ, "ಅಲ್ಲಿ ಒಂದು ಎಳಿ ಬಿಟ್ಟೀದಿ ನೋಡವಾ. ಹಿಂದಕ್ಕ ಹೋಗು" ಎಂದರು. "ಬಾಯಾರ, ಅದನ್ನ ಭಾಳ ದಿನದಿಂದ ಹಿಂಗ ಹಾಕಾಕತ್ತಿದ್ದೆ" ಎಂದಳು ಅವಳು. "ಗೊತ್ತಿಲ್ದ ಏನು ಮಾಡ್ತಿ? ನನಗ ಕಂಡಿರಲಿಲ್ಲ" ಎಂದು ಇವರು ನಕ್ಕರು.

ರೇಸಿನ ಕಾರಿನಲ್ಲಿ ಕುಳಿತ ಬಾಯಿಯವರು ಕಸೂತಿ ಕಲಿಸುತ್ತಿದ್ದಾರೆಂಬ ಸುದ್ದಿ ಓಣಿಯಲ್ಲಿ ಹರಡಿ, ಬಿಟ್ಟು ಹೋಗಿದ್ದ ಹುಡುಗಿಯರು ಮೊದಲು ಗೋಡೆಯ ಆಚೆಯಿಂದ ನೋಡಿದರು, ಆಮೇಲೆ ಈಚೆಗೆ ಬಂದರು, ಆಮೇಲೆ ಸೂಜಿ ಕೇಳಿದರು. ತಲೆನೋವಿನವಳೂ ಬಂದಳು. ಮಂಡಳದ ಅಧ್ಯಕ್ಷೆ ಪಡಸಾಲೆಯಲ್ಲಿ ಬಹಳ ಹೊತ್ತು ನಿಂತು ನೋಡಿ, ಖೋಲಿಯ ಮಾತನ್ನೂ ಪಾರ್ಲರಿನ ಮಾತನ್ನೂ ಎತ್ತದೆ, ಎಲ್ಲರಿಗೂ ಚಹಾ ಕಳಿಸಿದರು. ಹಿಂದಿರುಗುವ ದಾರಿಯಲ್ಲಿ, ಬರುವ ವಾರದೊಳಗೆ ಕಾರನ್ನು ಮೊದಲಿನ ಎತ್ತರಕ್ಕೆ ಏರಿಸಿಬಿಡುತ್ತೇನೆಂದು ನಾನು ಅಭಯ ಕೊಟ್ಟಾಗ ಶಾರದಾಬಾಯಿ, "ಆ ಬಳಿ ಯಾರರೇ ಮುಟ್ಟಿದ್ರ ನೋಡ್ರಿ ಮತ್ತ" ಎಂದರು. ಹಾಗಾದರೆ ಕಾರಿನಿಂದ ಹತ್ತುವುದು ಹೇಗೆ ಎಂದೆ. "ಕ್ಲಾಸಿನಾಗ ಹತ್ತೂದಽ ಬ್ಯಾಡ. ಮನಿ ಮುಂದ ನೀವು ಒಂದು ಕೈ, ಬಾಜೂ ಮನಿ ಮುದುಕವ್ವ ಒಂದು ಕೈ" ಎಂದರು. ತೀರ್ಪು ಅಷ್ಟಕ್ಕೆ ಮುಗಿಯಿತು.

ಆದರೆ ಕಾರಿನ ಸೊಟ್ಟತನ ಮುಗಿಯಲಿಲ್ಲ. ಅಷ್ಟು ಕೆಳಗಿಳಿದ ಮೇಲೆ ಅದರ ಎಡದ ಒಲವು ಹಠವಾಗಿ ಬೆಳೆದಿತ್ತು. ಎದುರಿನಿಂದ ಕಬ್ಬಿಣ ಹೇರಿದ ಲಾರಿಯೊಂದು ಬಂದಾಗ ನಾನು ಸ್ಟೀರಿಂಗನ್ನು ಬಲಕ್ಕೆ ಹಿಡಿದಿದ್ದ ಕೈ ಕ್ಷಣಮಾತ್ರ ಸಡಿಲವಾಗಿ, ನಾವಿಬ್ಬರೂ ಕಡಲೆ ಹೊಲದ ಬದುವಿನವರೆಗೆ ಹೋಗಿ ಬಂದೆವು. ಶಾರದಾಬಾಯಿ ಮಡಿಲಿನ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಾರು ಈ ಎತ್ತರದಲ್ಲಿಯೇ ನೆಟ್ಟಗಾಗಬೇಕು, ಇಲ್ಲದಿದ್ದರೆ ಗುರುವಾರಗಳು ನಿಲ್ಲಬೇಕು ಎಂಬುದು ನಮ್ಮಿಬ್ಬರಿಗೂ ಆಗ ತಿಳಿಯಿತು.

ಆದ್ದರಿಂದ ಮೂರನೆಯ ಬಾರಿ ತಮ್ಮಿಂದ ಪರೀಕ್ಷೆ. ಈ ಸಲ ಎತ್ತರ ಮೊದಲೇ ನಿಶ್ಚಯವಾಗಿತ್ತು, ಯಾರೂ ತಿರುವದಂತೆ ಬಳೆಗಳಿಗೆ ಶಾರದಾಬಾಯಿ ಕಸೂತಿಯ ಕೆಂಪು ದಾರ ಸುತ್ತಿಸಿದ್ದರು. "ಬಾಯಾರ, ಸ್ವಲ್ಪ ಇಳೀರಿ, ಗಾಡಿ ಮ್ಯಾಲ ಹೊಕ್ಕತಿ" ಎಂದು ಆಫ್ತಾಬರು ವಿನಯದಿಂದ ಹೇಳಿದರು. "ಇದರಿಂದ ಇಳಿಯೂದಲ್ಲೋ ತಮ್ಮಾ, ಹತ್ತಬೇಕು. ಅದು ನನ್ನ ಕಡಿಂದ ಆಗೂದಿಲ್ಲ. ನನ್ನನ್ನೂ ಕೂಡಿಸಿಕೊಂಡ ಏರಸು" ಎಂದು ಇವರು. ಆಫ್ತಾಬರು ತಲೆ ಕೆರೆದುಕೊಂಡು, "ಹಂಗಾದ್ರ ಅಲ್ಲಾಡಬ್ಯಾಡ್ರಿ ಮತ್ತ. ವಜ್ಜಾನೂ ಬರೋಬ್ಬರಿ ಆಕ್ಕತಿ, ದಿನಾ ಹೋಗೂ ಮುಂದ ಕುಂತಂಗ" ಎಂದು ಒಪ್ಪಿಕೊಂಡರು. ಬಸ್ಸಿನ ಮೊದಲ ಮೆಟ್ಟಿಲನ್ನು ಹತ್ತಲಾಗದವರು ಹೀಗೆ ಕಾರಿನ ಸಮೇತ ನಮ್ಮೆಲ್ಲರ ತಲೆಯಷ್ಟು ಎತ್ತರಕ್ಕೆ ಏರಿ, ಅಲ್ಲಿಯೇ ಕುಳಿತು ಸೂಜಿಗೆ ದಾರ ಪೋಣಿಸಿದರು. ಇನ್ನೂ ಏಣಿಯ ಮೇಲೆಯೇ ಇದ್ದ ಹೂವಪ್ಪ ಎದುರಾದಾಗ ಇಬ್ಬರೂ ಸಮಾನರಂತೆ ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು.

ಆಫ್ತಾಬರು ಕೆಳಗೆ ತಿರುವಿದರು, ಮೇಲೆ ನೋಡಿದರು, ಮತ್ತೆ ತಿರುವಿದರು. ಮಾನ್ಯರಾದ ತಾವು ಕೆಂಪಗಾದಿರಿ. ಗಾಲಿಗಳು ಓಡುವ ದಿಕ್ಕನ್ನು ಹೇಳುವ ಅಂಕಣ ಮಾತ್ರ ಹಸಿರು, ಅವು ಎಷ್ಟು ಒಳಕ್ಕೆ ವಾಲಿವೆ ಎಂದು ಹೇಳುವ ಅಂಕಣಗಳೆಲ್ಲ ಕೆಂಪು. "ಮಷೀನಿನಾಗ ಕಂಪನಿ ಎತ್ತರದ್ದಽ ಲೆಕ್ಕ ಐತ್ರಿ ಸರ, ಇಷ್ಟ ಇಳಿಸಿದ್ದು ಅದಕ್ಕ ಗೊತ್ತಿಲ್ಲ" ಎಂದು ಆಫ್ತಾಬರು ತಮ್ಮ ಪರವಾಗಿ ಕ್ಷಮೆ ಕೇಳಿದರು. "ಆದ್ರ ಎರಡೂ ಕಡೆ ಒಂದಽ ಥರ ವಾಲ್ಯಾವು. ನೆಟ್ಟಗ ಹೊಕ್ಕತಿ. ಟಾಯರ್ ಒಂದೀಟ ಲಗೂ ಸವೀತಾವು, ಅಷ್ಟ." ಎರಡೂ ಕಡೆ ಒಂದೇ ಥರ ಎಂಬುದನ್ನು ಮೇಲಿನಿಂದ ಕೇಳಿಸಿಕೊಂಡ ಶಾರದಾಬಾಯಿ, "ಮತ್ತಿನ್ನೇನು ಬೇಕು?" ಎಂದರು.

ಆಗ ಆಫ್ತಾಬರು ಸ್ವಿಚ್ಚಿನ ಮೇಲೆ ಕೈಯಿಟ್ಟು, ನನ್ನ ಮುಖ ನೋಡಿ, ಬಹಳ ಎಚ್ಚರದಿಂದ, "ಸರ, ಇಳಸ್ಲೇನ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆದೆ, ತಕ್ಕ ವಾಕ್ಯವನ್ನು ರಚಿಸುವಷ್ಟರಲ್ಲಿ ಮೇಲಿನಿಂದ ಉತ್ತರ ಬಂತು. "ರ‍್ಯಾಂಪಿನ ಮ್ಯಾಲಿಂದ ಇಳಸು ತಮ್ಮಾ. ಗಾಡಿ ಇಳಸಬ್ಯಾಡ."

ಮಾನ್ಯರೇ, ಆ ವಾಕ್ಯಕ್ಕೆ ನಾನು ಪೂರ್ಣಾಂಕ ಕೊಟ್ಟಿದ್ದೇನೆ. ಆ ಕಾರು ಅಂದು ರೋಣದವರೆಗೆ, ಕಡಲೆ ಹೊಲಗಳ ಕಡೆಗೆ ಒಮ್ಮೆಯೂ ಕಣ್ಣೆತ್ತಿ ನೋಡದೆ, ಕೈ ಸಡಿಲಬಿಟ್ಟರೂ ಗೀಟು ಹಾಕಿದಂತೆ ನೆಟ್ಟಗೆ ಹೋಯಿತು. ಈಗ ನನ್ನ ದೂರನ್ನು ಒಂದು ವಾಕ್ಯದಲ್ಲಿ ಹೇಳಬಹುದು. ಸೊಟ್ಟಗೆ ಹೋದ ಕಾರಿಗೆ ತಾವು ಎರಡು ಸಲ ಹಸಿರು ಕೊಟ್ಟಿದ್ದೀರಿ, ನೆಟ್ಟಗೆ ಹೋದ ಕಾರಿಗೆ ಕೆಂಪು ಕೊಟ್ಟಿದ್ದೀರಿ. ಇಂಥ ಮೌಲ್ಯಮಾಪಕರು ನಮ್ಮ ಪರೀಕ್ಷಾ ಮಂಡಳಿಗೆ ಸಿಕ್ಕಿದ್ದರೆ ತೌಸೀಫನಿಗೆ ಕನ್ನಡದಲ್ಲಿ ಪ್ರಥಮ ಸ್ಥಾನ ಖಂಡಿತ ಬರುತ್ತಿತ್ತು.

ಆದ್ದರಿಂದ ಪ್ರಾರ್ಥಿಸುವುದೇನೆಂದರೆ, ತಮ್ಮ ಸ್ಮೃತಿಯಲ್ಲಿ ದೇಶವಿದೇಶಗಳ ಎಲ್ಲ ಕಂಪನಿಗಳ ಎತ್ತರಗಳು ಹೇಗೆ ಅಡಕವಾಗಿವೆಯೋ ಹಾಗೆಯೇ 'ರೋಣದ ಶಾರದಾಬಾಯಿಯವರ ಮೊಣಕಾಲು' ಎಂಬ ಒಂದು ಹೊಸ ಎತ್ತರವನ್ನು ಸೇರಿಸಿಕೊಂಡು, ಅದಕ್ಕೆ ಅನುಗುಣವಾಗಿ ತಮ್ಮ ಕೆಂಪನ್ನು ಹಿಂದಕ್ಕೆ ಪಡೆಯಬೇಕು. ಅದು ಸಾಧ್ಯವಾಗದಿದ್ದರೆ ಮುಂದಿನ ಗುರುವಾರ ಸ್ವತಃ ಮಹಿಳಾ ಮಂಡಳದ ಅಂಗಳಕ್ಕೆ ದಯಮಾಡಿಸಿ, ತಮ್ಮ ನಾಲ್ಕು ಕೈಗಳನ್ನು ಸ್ವಲ್ಪ ಹೊತ್ತು ಬಿಡುವು ಮಾಡಿಕೊಂಡು, ಮಣೆಯ ಮೇಲೆ ಕುಳಿತು ಒಂದು ಗೋಪುರ ಹಾಕಿ ನೋಡಬೇಕು. ಹಿಂಬದಿ ಮುಂಬದಿ ಒಂದೇ ಥರ ಬಂದರೆ ಶಾರದಾಬಾಯಿ ತಮಗೆ ಹಸಿರು ದಾರ ಕೊಡುತ್ತಾರೆ. ಇದರೊಂದಿಗೆ, ತಮ್ಮ ಪ್ರಭಾವ ನಡೆಯುವುದಾದರೆ, ನಮ್ಮ ಕಾರು ಬರುವ ಹೊತ್ತಿಗೆ ರೋಣ ರಸ್ತೆಯ ಉಬ್ಬುಗಳಿಗೆ ಸ್ವಲ್ಪ ತಲೆ ತಗ್ಗಿಸುವಂತೆ ಸೂಚಿಸಬೇಕು. ಅವು ನಾನು ಹೇಳಿದರೆ ಕೇಳುವುದಿಲ್ಲ, ಯಂತ್ರದ ಮಾತನ್ನು ಈಗ ಎಲ್ಲರೂ ಕೇಳುತ್ತಾರೆ.

ಮೂರನೆಯ ಸಲ ತಾವು ಅಚ್ಚು ಹಾಕಿ ಕೊಟ್ಟ ಕೆಂಪು ವರದಿಯ ಕಾಗದವನ್ನು ಶಾರದಾಬಾಯಿ ಬಿಸಾಡಲು ಬಿಡಲಿಲ್ಲ. ಅದನ್ನು ಮಡಚಿ, ಸೂಜಿ ಚುಚ್ಚಿಡಲು ಇಟ್ಟುಕೊಂಡಿದ್ದಾರೆ. ಚಲೋ ದಪ್ಪ ಕಾಗದ ಎಂದು ಹೊಗಳಿದರು. ತಮ್ಮ ಸೇವೆ ಈ ರೀತಿಯಲ್ಲಾದರೂ ಕಸೂತಿಗೆ ಸಲ್ಲುತ್ತಿರುವುದಕ್ಕೆ ಅವರ ಪರವಾಗಿ ವಂದನೆಗಳು.

ತಮ್ಮ ಕೆಂಪನ್ನು ಕಂಡ ಮೇಲೂ, ಹಸಿರನ್ನು ಕಂಡದ್ದಕ್ಕಿಂತ ಹೆಚ್ಚಾಗಿ,
ತಮ್ಮ ವಿಶ್ವಾಸಿ,
ಮುಕುಂದ ಅನಂತರಾವ ನಾಡಿಗೇರ
ರೋಣ

ವಿ. ಸೂ.: ಹೂವಪ್ಪ ಕೊನೆಗೂ ನನ್ನ ಮಾತಿಗೆ ಬೆಲೆ ಕೊಟ್ಟು 'ವೀಲ್' ಎಂಬಲ್ಲಿ ದೀರ್ಘವನ್ನು ಸರಿಯಾಗಿಯೇ ಹಾಕಿದ್ದಾನೆ. ಆದರೆ ಅಕ್ಷರ ಬರೆದಾದ ಮೇಲೆ ಹಲಗೆಯನ್ನು ಮೊಳೆ ಹೊಡೆದು ನಿಲ್ಲಿಸಿದ್ದರಿಂದ ಇಡೀ ಬೋರ್ಡು ಎಡಕ್ಕೆ ವಾಲಿದೆ. ತಮ್ಮ ನೆತ್ತಿಯ ಮೇಲೆಯೇ, ಗಾಲಿ ನೆಟ್ಟಗೆ ಮಾಡುವುದಾಗಿ ಸಾರುತ್ತ ಸೊಟ್ಟಗೆ ನೇತಾಡುತ್ತಿರುವ ಅದು ಈವರೆಗೆ ತಮ್ಮ ಗಮನಕ್ಕೆ ಬಂದಿಲ್ಲ. ಆಫ್ತಾಬರಿಗೆ ತೋರಿಸಿದಾಗ, "ಬೋರ್ಡ ಇಳಸ್ತೀನ್ರಿ ಸರ" ಎಂದಿದ್ದಾರೆ. ಎಲ್ಲಿಂದ ಎಂದು ಕೇಳುವಂತೆ ಶಾರದಾಬಾಯಿಯವರಿಗೆ ವಿನಂತಿಸಿದ್ದೇನೆ.